ಪೆಟ್ಟು ತಿಂದ ಮಿಸ್ಟೇರ್, ನೆಲಕ್ಕುರುಳಿದ ಸ್ಟಾರ್‌ಫೈಟರ್: 23 ವರ್ಷ ಮರೆಯಲ್ಲೇ ಉಳಿದ ಕೊಡಗಿನ ಅಜ್ಜಮಾಡ ದೇವಯ್ಯ ಸಾಹಸ

ಅದು 1965ರ ಸೆಪ್ಟೆಂಬರ್ 7, ಮಂಗಳವಾರ. ಪಂಜಾಬ್‌ನ ಜಲಂಧರ್ ಸಮೀಪದ ಆದಂಪುರ ವಾಯುನೆಲೆಯಿಂದ ಕತ್ತಲಿರುವಾಗಲೇ ಮೇಲೇರಿದ್ದ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿ ನಡೆಸಿ ಹಿಂತಿರುಗಿದವು. ಲೆಕ್ಕ ಹಾಕಿದಾಗ ಒಂದು ವಿಮಾನ ಕಡಿಮೆ ಇತ್ತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಬಂದಿರಲಿಲ್ಲ.

ಅವರಿಗೆ ಏನಾಯಿತು ಎಂಬುದನ್ನು ಜೊತೆಗೆ ಹಾರಿದವರಲ್ಲಿ ಯಾರೂ ನೋಡಿರಲಿಲ್ಲ. ನೆಲದಿಂದ ಹಾರಿದ ಗುಂಡು ತಗುಲಿತೇ? ಇಂಧನ ಮುಗಿಯಿತೇ? ಮಬ್ಬುಗತ್ತಲಲ್ಲಿ ತೀರಾ ಕೆಳಗೆ ಹಾರುವಾಗ ನೆಲಕ್ಕೆ ಬಡಿಯಿತೇ? ಯಾವುದಕ್ಕೂ ಉತ್ತರ ಇರಲಿಲ್ಲ. ದಾಖಲೆಯಲ್ಲಿ ಮೊದಲು ನಾಪತ್ತೆ ಎಂದು ಬರೆಯಲಾಯಿತು, ಬಳಿಕ ಮೃತಪಟ್ಟಿದ್ದಾರೆ ಎಂದು ಘೋಷಿಸಲಾಯಿತು.

ಆ ಬೆಳಗ್ಗೆ ನಿಜವಾಗಿ ನಡೆದದ್ದು ಬೇರೆಯೇ. ಶತ್ರುವಿನ ಗುಂಡೇಟು ತಿಂದ ಮೇಲೂ ದೇವಯ್ಯನವರ ವಿಮಾನ ಹಾರುತ್ತಿತ್ತು. ಆ ಗಾಯಗೊಂಡ ವಿಮಾನದಲ್ಲೇ ಅವರು ತಿರುಗಿಬಿದ್ದು, ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಹೊಡೆದುರುಳಿಸಿದ್ದರು. ಇದು ಭಾರತಕ್ಕೆ ಅಧಿಕೃತವಾಗಿ ಗೊತ್ತಾಗಿ, ಅವರಿಗೆ ಮಹಾವೀರ ಚಕ್ರ ಸಿಗುವಷ್ಟರಲ್ಲಿ 23 ವರ್ಷ ಕಳೆದಿತ್ತು.

ವಾಯುಪಡೆಯ ಓರಗೆಯವರು

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅಜ್ಜಮಾಡ ಎಂಬುದು ಅವರ ಒಕ್ಕದ ಹೆಸರು, ಬೋಪಯ್ಯ ತಂದೆಯ ಹೆಸರು.

ಅದೇ ವರ್ಷದ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಸ್ಥಾಪನೆಯಾಗಿತ್ತು. ಅಂದರೆ ವಾಯುಪಡೆ ಮತ್ತು ದೇವಯ್ಯನವರ ನಡುವೆ ಎರಡೂವರೆ ತಿಂಗಳ ಅಂತರ. ಮುಂದೆ ಅವರು ಸೇರಿದ ನಂಬರ್ 1 ಸ್ಕ್ವಾಡ್ರನ್ ಶುರುವಾಗಿದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್‌ನಲ್ಲಿ. ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್ ಅದು. ಟೈಗರ್ಸ್ ಎಂದೇ ಹೆಸರುವಾಸಿ. ದೇಶ ವಿಭಜನೆಯಾಗಿ ಆ ಊರು ಪಾಕಿಸ್ತಾನಕ್ಕೆ ಸೇರಿತು. ಅಲ್ಲಿ ಹುಟ್ಟಿದ ಸ್ಕ್ವಾಡ್ರನ್ 1965ರಲ್ಲಿ ಪಾಕಿಸ್ತಾನದ ಮೇಲೆಯೇ ದಾಳಿಗೆ ಹೊರಡಬೇಕಾಯಿತು.

ಕೊಡಗಿನ ಮನೆಮನೆಯಲ್ಲೂ ಸೇನೆಯ ನಂಟಿರುವ ಕಾಲ ಅದು. ಸ್ವತಂತ್ರ ಭಾರತದ ಮೊದಲ ಭಾರತೀಯ ಸೇನಾ ಮುಖ್ಯಸ್ಥ ಕೆ.ಎಂ.ಕಾರ್ಯಪ್ಪ ಕೊಡಗಿನವರು, ನಂತರ ಅದೇ ಹುದ್ದೆಗೇರಿದ ಕೆ.ಎಸ್.ತಿಮ್ಮಯ್ಯ ಕೂಡ ಕೊಡಗಿನವರೇ. ಭೂಸೇನೆಯ ಹಾದಿ ಕಣ್ಣ ಮುಂದೆಯೇ ಇದ್ದಾಗ ದೇವಯ್ಯ ಆಕಾಶದ ಹಾದಿ ಹಿಡಿದರು. 1954ರ ಡಿಸೆಂಬರ್‌ನಲ್ಲಿ ಪೈಲಟ್ ಆಗಿ ವಾಯುಪಡೆಗೆ ನಿಯೋಜನೆಗೊಂಡರು.

ಹತ್ತು ವರ್ಷ ದಾಟುವಷ್ಟರಲ್ಲಿ ಅವರು ಅನುಭವಿ ಪೈಲಟ್ ಆಗಿದ್ದರು. 1965ರ ಯುದ್ಧ ಹತ್ತಿರವಾಗುವಾಗ ಅವರು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ತರಬೇತುದಾರರಾಗಿದ್ದರು. ಅಲ್ಲಿಂದ ಅವರನ್ನು ಟೈಗರ್ಸ್ ಸ್ಕ್ವಾಡ್ರನ್‌ಗೆ ಹಿರಿಯ ಪೈಲಟ್ ಆಗಿ ಕಳುಹಿಸಲಾಯಿತು. ಆಗ ಅವರಿಗೆ 32 ವರ್ಷ. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಪಟ್ಟಿಯಲ್ಲಿ ಮೀಸಲು ಪೈಲಟ್

1965ರ ಸೆಪ್ಟೆಂಬರ್ 1ರಂದು ಜಮ್ಮುವಿನ ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗಿದವು. ಅಂದೇ ಸಂಜೆ ಭಾರತೀಯ ವಾಯುಪಡೆ ಕಣಕ್ಕಿಳಿಯಿತು. ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಪಂಜಾಬ್‌ನಲ್ಲಿ ಅಂತಾರಾಷ್ಟ್ರೀಯ ಗಡಿ ದಾಟಿ ಲಾಹೋರ್ ದಿಕ್ಕಿಗೆ ಹೊರಟಿತು. ಆ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಎರಗಿ, ನೆಲದಲ್ಲಿ ನಿಂತಿದ್ದ ಹಲವು ವಿಮಾನಗಳನ್ನು ನಾಶ ಮಾಡಿದವು.

ಮರುದಿನ ಮುಂಜಾನೆಯೇ ತಿರುಗೇಟು ಕೊಡಲು ವಾಯುಪಡೆ ನಿರ್ಧರಿಸಿತು. ಗುರಿ ಸರ್ಗೋಧಾ. ಪಾಕಿಸ್ತಾನ ವಾಯುಪಡೆಯ ಅತಿ ದೊಡ್ಡ ಶಕ್ತಿಕೇಂದ್ರ ಅದು. ಆದಂಪುರದಿಂದ ನೇರ ಲೆಕ್ಕದಲ್ಲಿ ಸುಮಾರು 300 ಕಿ.ಮೀ. ದೂರ, ಗಡಿಯಿಂದ ಬಹಳ ಒಳಗೆ. ರೇಡಾರ್ ಕಣ್ಣು ತಪ್ಪಿಸಬೇಕಾದರೆ ಮರಗಳ ತುದಿ ಸವರುವಷ್ಟು ಕೆಳಗೆ ಹಾರಬೇಕು. ಕೆಳಗೆ ಹಾರಿದಷ್ಟೂ ಜೆಟ್ ವಿಮಾನ ಹೆಚ್ಚು ಇಂಧನ ಕುಡಿಯುತ್ತದೆ. ಹೋಗಿ, ದಾಳಿ ಮಾಡಿ, ಹಿಂತಿರುಗಲು ಲೆಕ್ಕಕ್ಕೆ ಸರಿಹೋಗುವಷ್ಟು ಇಂಧನ. ದಾರಿಯಲ್ಲಿ ಕಾಳಗಕ್ಕೆ ನಿಂತರೆ ಮನೆಗೆ ಮರಳುವ ಇಂಧನವೇ ಖರ್ಚಾಗುತ್ತದೆ.

ಟೈಗರ್ಸ್ ಸ್ಕ್ವಾಡ್ರನ್‌ನ ಕಮಾಂಡಿಂಗ್ ಆಫೀಸರ್ ವಿಂಗ್ ಕಮಾಂಡರ್ ಓ.ಪಿ.ತನೇಜಾ ಈ ದಾಳಿಯ ನಾಯಕತ್ವ ವಹಿಸಿದ್ದರು. 12 ಮಿಸ್ಟೇರ್‌ಗಳು ಹೊರಡಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಒಬ್ಬರಾಗಿರಲಿಲ್ಲ. ಅವರು ಮೀಸಲು ಪೈಲಟ್. ಯಾರದ್ದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬುವುದು ಅವರ ಕೆಲಸ. ಕೊನೆಗೆ ಅವರೂ ಹಾರಿದರು.

ಸೆಪ್ಟೆಂಬರ್ ಮೊದಲ ವಾರವೆಂದರೆ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನಗಳು. ನಾಟಿ ಕೆಲಸ ಮುಗಿಸಿದ ಮನೆಗಳಲ್ಲಿ ಕೋವಿ, ಕತ್ತಿಗಳನ್ನು ಇಟ್ಟು ಪೂಜಿಸುವ ಹಬ್ಬ. ಅದೇ ವಾರ ಕೊಡಗಿನ ಈ ಮಗ ದೂರದ ಪಂಜಾಬ್‌ನಿಂದ ಶತ್ರು ನೆಲೆಯತ್ತ ಹೊರಟಿದ್ದ.

ಎರಡು ವಿಮಾನ, ಎರಡು ತಲೆಮಾರು

ಮುಂದೆ ನಡೆದ ಕಾಳಗದ ಬೆಲೆ ಅರ್ಥವಾಗಬೇಕಾದರೆ ಎದುರುಬದುರಾದ ಎರಡು ವಿಮಾನಗಳ ಬಗ್ಗೆ ತಿಳಿಯಬೇಕು.

ದೇವಯ್ಯ ಹಾರಿಸುತ್ತಿದ್ದ ಮಿಸ್ಟೇರ್ ಫ್ರಾನ್ಸ್‌ನ ಡಸಾಲ್ಟ್ ಕಂಪನಿಯದ್ದು. ಇಂದು ನಮ್ಮ ವಾಯುಪಡೆಯಲ್ಲಿರುವ ರಫೇಲ್ ತಯಾರಿಸಿದ್ದೂ ಇದೇ ಕಂಪನಿ. 1950ರ ದಶಕದ ಆರಂಭದ ವಿನ್ಯಾಸ. ಒಬ್ಬನೇ ಪೈಲಟ್, ಒಂದೇ ಎಂಜಿನ್. ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿ.ಮೀ., ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟುವುದಿಲ್ಲ. 30 ಮಿ.ಮೀ. ಗಾತ್ರದ ಎರಡು ಫಿರಂಗಿಗಳು. ಬಾಂಬು, ರಾಕೆಟ್ ಹೊತ್ತು ನೆಲದ ಗುರಿಗಳ ಮೇಲೆ ದಾಳಿ ಮಾಡುವುದೇ ಅದರ ಮುಖ್ಯ ಕೆಲಸ.

ಎದುರಿಗೆ ಬಂದದ್ದು ಅಮೆರಿಕದ ಲಾಕ್‌ಹೀಡ್ ಕಂಪನಿಯ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗ. ರೆಕ್ಕೆಗಳು ಎಷ್ಟು ಚಿಕ್ಕವು, ಎಷ್ಟು ತೆಳುವೆಂದರೆ ನೆಲದಲ್ಲಿ ನಿಂತಾಗ ಸಿಬ್ಬಂದಿಗೆ ಗಾಯವಾಗದಂತೆ ಅವುಗಳ ಅಂಚಿಗೆ ಕವಚ ಹಾಕಬೇಕಿತ್ತು. ಶಾಖದ ಬೆನ್ನು ಹತ್ತುವ ಸೈಡ್‌ವಿಂಡರ್ ಕ್ಷಿಪಣಿ, ಜೊತೆಗೆ ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ 20 ಮಿ.ಮೀ. ವಲ್ಕನ್ ಗನ್. ಪಾಕಿಸ್ತಾನದ ಬಳಿ ಇದ್ದದ್ದು ಒಂದು ಡಜನ್ ಸ್ಟಾರ್‌ಫೈಟರ್ ಮಾತ್ರ. ಆದರೆ ಆ ಹೊತ್ತಿಗೆ ಉಪಖಂಡದ ಆಕಾಶದಲ್ಲಿ ಅದರ ಹೆಸರು ಕೇಳಿದರೇ ಸಾಕು ಎಂಬಂಥ ಭಯವಿತ್ತು.

ಕಾಗದದ ಮೇಲೆ ನೋಡಿದರೆ ಇದು ಸಮಬಲದ ಕಾಳಗವೇ ಅಲ್ಲ. ಸ್ಟಾರ್‌ಫೈಟರ್ ಬೇಕೆಂದಾಗ ಬರಬಹುದು, ಹೊಡೆಯಬಹುದು, ಬೇಡವೆಂದಾಗ ಹೊರಟುಹೋಗಬಹುದು. ಮಿಸ್ಟೇರ್‌ಗೆ ಓಡಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಸತ್ತಿತು ಎಂದುಕೊಂಡ ವಿಮಾನ ತಿರುಗಿಬಿತ್ತು

ಮಿಸ್ಟೇರ್‌ಗಳು ಸರ್ಗೋಧಾ ತಲುಪಿದಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ದಾಳಿ ಮುಗಿಸಿ ವಿಮಾನಗಳು ಪೂರ್ವಕ್ಕೆ ತಿರುಗುವ ಹೊತ್ತಿಗೆ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದರು.

ಬಹಳ ವರ್ಷಗಳ ಬಳಿಕ ಬಹಿರಂಗವಾದ ವಿವರಗಳ ಪ್ರಕಾರ, ಅಮ್ಜದ್‌ಗೆ ಸಿಕ್ಕ ಮಿಸ್ಟೇರ್ ಮೊದಲ ದಾಳಿಯಿಂದ ತಪ್ಪಿಸಿಕೊಂಡಿತು. ವೇಗ ಹೆಚ್ಚಿದ್ದ ಸ್ಟಾರ್‌ಫೈಟರ್ ಮತ್ತೆ ಹತ್ತಿರ ಬಂದು ಗನ್‌ನಿಂದ ಗುಂಡು ಹಾರಿಸಿತು. ಈ ಬಾರಿ ಗುಂಡುಗಳು ತಗುಲಿದವು. ಮಿಸ್ಟೇರ್ ಕತೆ ಮುಗಿಯಿತು ಎಂದುಕೊಂಡ ಅಮ್ಜದ್ ಅದನ್ನು ಬಿಟ್ಟು ಮುಂದಿನ ಬೇಟೆಯತ್ತ ಗಮನ ಹರಿಸಿದರು.

ಆದರೆ ಮಿಸ್ಟೇರ್ ಬಿದ್ದಿರಲಿಲ್ಲ. ಎಂಜಿನ್ ತಿರುಗುತ್ತಿತ್ತು. ರೆಕ್ಕೆಗಳು ಪೈಲಟ್ ಹೇಳಿದಂತೆ ಕೇಳುತ್ತಿದ್ದವು. ಫಿರಂಗಿಗಳಲ್ಲಿ ಗುಂಡುಗಳಿದ್ದವು. ಮುಗಿದೇ ಹೋಯಿತು ಎಂದುಕೊಂಡಿದ್ದ ಅದೇ ವಿಮಾನ ಈಗ ತನ್ನೊಂದಿಗೆ ಸುತ್ತುಕಾಳಗಕ್ಕೆ ಇಳಿದಿರುವುದನ್ನು ಅಮ್ಜದ್ ಕಂಡರು. ನೆಲಕ್ಕೆ ತೀರಾ ಹತ್ತಿರದಲ್ಲಿ ಎರಡೂ ವಿಮಾನಗಳು ಒಂದರ ಹಿಂದೆ ಒಂದು ಸುತ್ತಿದವು. ಮಿಸ್ಟೇರ್‌ನ 30 ಮಿ.ಮೀ. ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ನಿಯಂತ್ರಣ ಕಳೆದುಕೊಂಡ ವಿಮಾನದಿಂದ ಅಮ್ಜದ್ ಕಡಿಮೆ ಎತ್ತರದಲ್ಲೇ ಹೊರಜಿಗಿದು ಪ್ಯಾರಾಚೂಟ್ ಮೂಲಕ ಬದುಕಿಕೊಂಡರು.

ದೇವಯ್ಯ ಬದುಕಲಿಲ್ಲ. ಹಾನಿಗೊಂಡ ವಿಮಾನ, ಕಾಳಗದಲ್ಲಿ ಸುಟ್ಟುಹೋದ ಇಂಧನ, ಮುಂದೆ ನೂರಾರು ಕಿಲೋಮೀಟರ್ ಶತ್ರು ನೆಲ. ಅವರು ಪಾಕಿಸ್ತಾನದ ನೆಲದಲ್ಲೇ ಕೊನೆಯುಸಿರೆಳೆದರು. ಸರ್ಗೋಧಾದಿಂದ ಹೆಚ್ಚು ದೂರವಲ್ಲದ ಕಡೆ ಗ್ರಾಮಸ್ಥರು ಅವರ ದೇಹವನ್ನು ಕಂಡು ಅಲ್ಲೇ ಮಣ್ಣು ಮಾಡಿದರು ಎಂಬ ಮಾಹಿತಿಯೂ ಎಷ್ಟೋ ಕಾಲದ ನಂತರ ಬಂತು.

ಪೆಟ್ಟು ತಿಂದರೂ ವಿಮಾನ ಹಾರಿದ್ದು ಹೇಗೆ?

ಗುಂಡು ತಗುಲಿದ ಕೂಡಲೇ ವಿಮಾನ ಬಿದ್ದೇ ಬೀಳುತ್ತದೆ ಎಂಬುದು ಸಿನಿಮಾ ಕಲ್ಪನೆ. ವಿಮಾನದ ಬಹುಭಾಗ ಟೊಳ್ಳು. ರೆಕ್ಕೆಯ ತಗಡಿಗೆ, ಬಾಲದ ಭಾಗಕ್ಕೆ ತೂತು ಬಿದ್ದರೂ ಅದು ಹಾರಬಲ್ಲದು. ಆದರೆ ಕೆಲವು ಜಾಗಗಳಿಗೆ ಪೆಟ್ಟು ಬಿದ್ದರೆ ಮಾತ್ರ ಉಳಿಗಾಲವಿಲ್ಲ: ಪೈಲಟ್, ಎಂಜಿನ್, ಇಂಧನ ಟ್ಯಾಂಕ್ ಮತ್ತು ರೆಕ್ಕೆ-ಬಾಲಗಳನ್ನು ತಿರುಗಿಸುವ ನಿಯಂತ್ರಣ ವ್ಯವಸ್ಥೆ. ಗುಂಡು ಎಷ್ಟು ತಗುಲಿತು ಎನ್ನುವುದಕ್ಕಿಂತ ಎಲ್ಲಿ ತಗುಲಿತು ಎನ್ನುವುದೇ ಮುಖ್ಯ.

ಹಾಗಾಗಿ ವಿಮಾನ ವಿನ್ಯಾಸಕಾರರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತಾರೆ. ಮೊದಲನೆಯದು, ಈ ವಿಮಾನಕ್ಕೆ ಪೆಟ್ಟು ಬೀಳುವ ಸಾಧ್ಯತೆ ಎಷ್ಟು? ಎರಡನೆಯದು, ಪೆಟ್ಟು ಬಿದ್ದ ಮೇಲೆ ಅದು ಉಳಿಯುವ ಸಾಧ್ಯತೆ ಎಷ್ಟು? ವೇಗ ಮೊದಲನೆಯದಕ್ಕೆ ಉತ್ತರ. ಗಟ್ಟಿತನ ಎರಡನೆಯದಕ್ಕೆ. ಸ್ಟಾರ್‌ಫೈಟರ್ ತನ್ನ ಭರವಸೆಯನ್ನೆಲ್ಲ ವೇಗದ ಮೇಲೆ ಇಟ್ಟಿತ್ತು.

ಮಿಸ್ಟೇರ್‌ನ ಎಂಜಿನ್ ಹಳೆಯ ಮಾದರಿಯ ಸರಳ ರಚನೆಯದ್ದು. ಅದರಲ್ಲಿ ಗಾಳಿಯನ್ನು ಒತ್ತುವ ಭಾಗ ಒಂದು ದಪ್ಪ ಚಕ್ರದಂತಿರುತ್ತದೆ. ನಂತರದ ಕಾಲದ ಎಂಜಿನ್‌ಗಳಲ್ಲಿ ಸಾಲುಸಾಲಾಗಿ ಇರುವ ತೆಳು ಬ್ಲೇಡುಗಳಿಗೆ ಹೋಲಿಸಿದರೆ ಈ ಮಾದರಿ ಸಾಮಾನ್ಯವಾಗಿ ಹೆಚ್ಚು ಪೆಟ್ಟು ತಡೆಯುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಒಂದೇ ಬಲದ ತಿರುವಿನಲ್ಲಿ ವಿಮಾನದ ವೇಗ ಎರಡು ಪಟ್ಟಾದರೆ ಅದು ಸುತ್ತುವ ವೃತ್ತದ ಅಗಲ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವ ಕಾರಿಗೆ ಸಣ್ಣ ಸಂದಿಯಲ್ಲಿ ತಿರುಗಲು ಆಗದ ಹಾಗೆ. ಸ್ಟಾರ್‌ಫೈಟರ್‌ನ ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 18 ಚದರ ಮೀಟರ್, ಮಿಸ್ಟೇರ್‌ನದ್ದು ಸುಮಾರು 32. ಮೇಲಕ್ಕೆ ಏರುವುದರಲ್ಲಿ, ದೂರ ಓಡುವುದರಲ್ಲಿ ಸ್ಟಾರ್‌ಫೈಟರ್‌ಗೆ ಸಾಟಿಯಿಲ್ಲ. ಆದರೆ ವೇಗ ತಗ್ಗಿಸಿ, ನೆಲದ ಹತ್ತಿರದ ದಟ್ಟ ಗಾಳಿಯಲ್ಲಿ ಸುತ್ತು ಹೊಡೆಯಲು ನಿಂತರೆ ಅದರ ಮೇಲುಗೈ ಕರಗಿಹೋಗುತ್ತದೆ. ಸಣ್ಣ ವೃತ್ತದಲ್ಲಿ ತಿರುಗಬಲ್ಲ ಮಿಸ್ಟೇರ್‌ಗೆ ಅದರ ಹಿಂದೆ ಬರುವ ಅವಕಾಶ ಸಿಗುತ್ತದೆ.

ಆ ಅವಕಾಶ ಕೆಲವು ಕ್ಷಣಗಳದ್ದು. ವರ್ಷಗಟ್ಟಲೆ ಬೇರೆಯವರಿಗೆ ಹಾರಾಟ ಹೇಳಿಕೊಟ್ಟ ಪೈಲಟ್‌ಗೆ ಈ ಲೆಕ್ಕ ಕೈಬೆರಳಿನಲ್ಲೇ ಇರುತ್ತದೆ. ಆದರೂ ಗುಂಡು ತಗುಲಿದ ವಿಮಾನದಲ್ಲಿ ಕುಳಿತು, ಮನೆಯ ದಿಕ್ಕಿಗೆ ಮುಖ ಮಾಡದೆ ಶತ್ರುವಿನತ್ತ ತಿರುಗುವ ನಿರ್ಧಾರವನ್ನು ಯಾವ ವಿನ್ಯಾಸಕಾರನೂ ವಿಮಾನದೊಳಗೆ ಇಟ್ಟು ಕಳುಹಿಸಲಾರ.

ಬಾರದ ವಿಮಾನದ ಲೆಕ್ಕ

ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ದಾಳಿ ಮುಗಿಸಿ ಬಂದ ಬಾಂಬರ್ ವಿಮಾನಗಳ ಮೈಮೇಲಿನ ಗುಂಡಿನ ತೂತುಗಳನ್ನು ಅಮೆರಿಕದ ಸೇನೆ ಎಣಿಸುತ್ತಿತ್ತು. ಎಲ್ಲಿ ಉಕ್ಕಿನ ರಕ್ಷಾಕವಚ ಹಾಕಬೇಕು ಎಂಬುದು ಪ್ರಶ್ನೆ. ಎಲ್ಲ ಕಡೆ ಹಾಕಿದರೆ ಭಾರಕ್ಕೆ ವಿಮಾನ ಮೇಲೇಳುವುದಿಲ್ಲ. ಹೆಚ್ಚು ತೂತು ಇರುವ ಕಡೆ ಹಾಕೋಣ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧನಾ ತಂಡದಲ್ಲಿದ್ದ ಗಣಿತಜ್ಞ ಅಬ್ರಹಾಂ ವಾಲ್ಡ್ 1943ರಲ್ಲಿ ಈ ಲೆಕ್ಕವನ್ನು ತಿರುಗಿಸಿ ನೋಡಿದರು. ಎಣಿಸುತ್ತಿರುವುದು ವಾಪಸ್ ಬಂದ ವಿಮಾನಗಳನ್ನು ಮಾತ್ರ. ಆ ತೂತುಗಳಿದ್ದೂ ಅವು ಬಂದಿವೆ ಎಂದರೆ ಆ ಜಾಗಗಳು ಪೆಟ್ಟು ತಡೆಯುತ್ತವೆ ಎಂದರ್ಥ. ಬಂದ ವಿಮಾನಗಳಲ್ಲಿ ಎಲ್ಲಿ ತೂತು ಕಡಿಮೆಯೋ, ಅಲ್ಲಿ ಪೆಟ್ಟು ತಿಂದವು ಬಂದೇ ಇಲ್ಲ. ಬಾರದ ವಿಮಾನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಉತ್ತರವೇ ತಪ್ಪಾಗುತ್ತದೆ ಎಂಬುದು ಅವರು ತೋರಿಸಿಕೊಟ್ಟ ಪಾಠ.

ವಿಧಿಯಾಟ ನೋಡಿ. ಉಪನ್ಯಾಸ ಪ್ರವಾಸಕ್ಕೆಂದು ಭಾರತಕ್ಕೆ ಬಂದಿದ್ದ ವಾಲ್ಡ್ 1950ರ ಡಿಸೆಂಬರ್ 13ರಂದು ಪತ್ನಿಯೊಂದಿಗೆ ವಿಮಾನ ದುರಂತದಲ್ಲೇ ಸಾವಿಗೀಡಾದರು. ಮುಂಬೈನಿಂದ ಹೊರಟ ಆ ಏರ್ ಇಂಡಿಯಾ ವಿಮಾನ ನೀಲಗಿರಿ ಬೆಟ್ಟಕ್ಕೆ ಅಪ್ಪಳಿಸಿತ್ತು. ಕೊಡಗಿನಿಂದ ಬಹಳ ದೂರವೇನಲ್ಲದ ಬೆಟ್ಟಸಾಲು ಅದು.

ದೇವಯ್ಯನವರ ಮಿಸ್ಟೇರ್ ಕೂಡ ಬಾರದ ವಿಮಾನ. ಬಂದಿದ್ದರೆ ಅದರ ಮೈಮೇಲಿನ ಗಾಯಗಳೇ ಕತೆ ಹೇಳುತ್ತಿದ್ದವು. ಪೈಲಟ್ ತಾನೇ ವರದಿ ಬರೆಯುತ್ತಿದ್ದರು. ಆ ವಾರವೇ ಪದಕಕ್ಕೆ ಶಿಫಾರಸು ಹೋಗುತ್ತಿತ್ತು. ಬಾರದ ಕಾರಣ ಉಳಿದದ್ದು ನಾಪತ್ತೆ ಎಂಬ ಒಂದೇ ಪದ.

ಅದೇ ತಿಂಗಳು, ಇನ್ನೊಬ್ಬ ಕೊಡಗಿನ ಪೈಲಟ್

ಅದೇ ಯುದ್ಧದ ಕೊನೆಯ ಹಂತದಲ್ಲಿ, ಸೆಪ್ಟೆಂಬರ್ 22ರಂದು, ಕೊಡಗಿನ ಇನ್ನೊಬ್ಬ ಪೈಲಟ್‌ನ ವಿಮಾನ ಪಾಕಿಸ್ತಾನದಲ್ಲಿ ಉರುಳಿತು. ಅವರು ಜನರಲ್ ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ.ಕಾರ್ಯಪ್ಪ. ನೆಲದಿಂದ ಹಾರಿದ ಗುಂಡು ಅವರ ಹಂಟರ್ ವಿಮಾನಕ್ಕೆ ತಗುಲಿತ್ತು. ಹೊರಜಿಗಿದ ಅವರು ಗಾಯಗೊಂಡು ಸೆರೆಸಿಕ್ಕರು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ವಿಭಜನೆಗೂ ಮುಂಚೆ ಕಾರ್ಯಪ್ಪನವರ ಜೊತೆ ಸೇನೆಯಲ್ಲಿದ್ದವರು. ಮಗನ ಸುದ್ದಿ ತಂದೆಗೆ ಬೇಗ ತಲುಪಿತು. ಮಗನಿಗೆ ವಿಶೇಷ ಸೌಲಭ್ಯ ಬೇಡ, ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬುದು ತಂದೆಯ ನಿಲುವಾಗಿತ್ತು. ಆ ಪೈಲಟ್ ಬಿಡುಗಡೆಯಾಗಿ ಬಂದು, ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು.

ಇಬ್ಬರೂ ಒಂದೇ ಜಿಲ್ಲೆಯವರು, ಒಂದೇ ತಿಂಗಳು ಗಡಿಯಾಚೆ ಉರುಳಿದವರು. ಒಬ್ಬರ ಮನೆಗೆ ಸುದ್ದಿ ಬಂತು. ಇನ್ನೊಬ್ಬರ ಮನೆಗೆ ಬರಲಿಲ್ಲ. ಅಜ್ಜಮಾಡ ಕುಟುಂಬದ ಪಾಲಿಗೆ ಉಳಿದದ್ದು ಮನೆಯ ಯಜಮಾನನಿಲ್ಲದ ಬದುಕು ಮತ್ತು ಉತ್ತರವಿಲ್ಲದ ಪ್ರಶ್ನೆ. ದೇಹವೂ ಊರಿಗೆ ಬರಲಿಲ್ಲ.

ಸಾಕ್ಷಿ ಬಂದದ್ದು ಎದುರಾಳಿಯ ಕಡೆಯಿಂದ

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನ ವಾಯುಪಡೆಯ ಸಹಕಾರ ಪಡೆದು, ಅಲ್ಲಿನ ಪೈಲಟ್‌ಗಳ ಅನುಭವ ಆಧರಿಸಿ ಬರೆದ ಪುಸ್ತಕ ಅದು. ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾ ಬಳಿ ಸ್ಟಾರ್‌ಫೈಟರ್ ಹೇಗೆ ಬಿತ್ತು ಎಂಬ ವಿವರ ಅದರಲ್ಲಿತ್ತು. ಅಮ್ಜದ್ ಹುಸೇನ್ ಅವರ ವಿಮಾನವನ್ನು ಕೆಡವಿದ್ದು ಒಂದು ಭಾರತೀಯ ಮಿಸ್ಟೇರ್. ಆದರೆ ಅದರ ಪೈಲಟ್ ಯಾರು ಎಂಬುದು ಪಾಕಿಸ್ತಾನಕ್ಕೆ ಗೊತ್ತಿರಲಿಲ್ಲ.

ಭಾರತದ ಕಡೆ ಈ ಲೆಕ್ಕ ಬಿಡಿಸುವುದು ಕಷ್ಟವಿರಲಿಲ್ಲ. ಆ ಮುಂಜಾನೆಯ ದಾಳಿಗೆ ಹೋದ ಟೈಗರ್ಸ್ ಮಿಸ್ಟೇರ್‌ಗಳಲ್ಲಿ ಹಿಂತಿರುಗದೇ ಇದ್ದದ್ದು ಒಂದೇ ಒಂದು. ವಾಪಸ್ ಬಂದವರಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದಿರಲಿಲ್ಲ. ಹಾಗಿದ್ದರೆ ಹೊಡೆದವರು ದೇವಯ್ಯನವರೇ ಆಗಿರಬೇಕು. ಅಂದು ದಾಳಿಯ ನಾಯಕತ್ವ ವಹಿಸಿದ್ದ ತನೇಜಾ ಈ ವಿಷಯವನ್ನು ಕೈಗೆತ್ತಿಕೊಂಡು ವಾಯುಪಡೆ ಕೇಂದ್ರ ಕಚೇರಿಗೆ ಪತ್ರ ಬರೆದರು. ತನ್ನ ಜೊತೆ ಬಂದು ಹಿಂತಿರುಗದ ಪೈಲಟ್‌ಗೆ ಸಲ್ಲಬೇಕಾದ್ದು ಸಲ್ಲಲಿ ಎಂಬುದು ಅವರ ಉದ್ದೇಶವಾಗಿತ್ತು.

ದಾಖಲೆಗಳ ಪರಿಶೀಲನೆ ನಡೆಯಿತು. 1988ರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಿಸಲಾಯಿತು. ಪರಮವೀರ ಚಕ್ರದ ನಂತರದ, ಯುದ್ಧಕಾಲದ ಎರಡನೇ ಅತ್ಯುನ್ನತ ಶೌರ್ಯ ಪುರಸ್ಕಾರ ಇದು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ತಂದೆಯನ್ನು ಕಳೆದುಕೊಂಡಾಗ ಪುಟ್ಟವರಾಗಿದ್ದ ಮಕ್ಕಳು ಆಗ ದೊಡ್ಡವರಾಗಿದ್ದರು.

ಗಮನಿಸಬೇಕಾದ ಸಂಗತಿಯೊಂದಿದೆ. ದೇವಯ್ಯನವರ ಶೌರ್ಯಕ್ಕೆ ಮೊದಲ ಸಾಕ್ಷಿ ಹೇಳಿದ್ದು ಎದುರಾಳಿಯ ಕಡೆಯವರು. ತಾನು ಮುಗಿಸಿದೆ ಎಂದುಕೊಂಡಿದ್ದ ವಿಮಾನವೇ ತನ್ನನ್ನು ಕೆಡವಿತು ಎಂಬುದನ್ನು ಅಮ್ಜದ್ ಮುಚ್ಚಿಟ್ಟಿದ್ದರೆ ಈ ಕತೆ ಅಲ್ಲಿಗೇ ಮಣ್ಣಾಗುತ್ತಿತ್ತು.

ಬೆಂಗಳೂರಿನ ಮರುತ್ ಕಲಿಸಿದ ಪಾಠ

ಪೆಟ್ಟು ತಿಂದ ಮೇಲೂ ಪೈಲಟ್‌ನನ್ನು ಮನೆಗೆ ತಲುಪಿಸುವ ವಿಮಾನ ಬೇಕು ಎಂಬ ಮಾತಿಗೆ ನಂತರದ ಯುದ್ಧದಲ್ಲಿ ಕರ್ನಾಟಕದ್ದೇ ಒಂದು ಉದಾಹರಣೆ ಸಿಕ್ಕಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ ಎಚ್‌ಎಫ್-24 ಮರುತ್ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಜರ್ಮನಿಯ ಕರ್ಟ್ ಟ್ಯಾಂಕ್ ಅದರ ವಿನ್ಯಾಸದ ನೇತೃತ್ವ ವಹಿಸಿದ್ದರು. ಅದನ್ನು ಹಾರಿಸಿದ ಸುರಂಜನ್ ದಾಸ್ 1970ರ ಜನವರಿಯಲ್ಲಿ ಮರುತ್ ಪರೀಕ್ಷೆಯ ವೇಳೆಯೇ ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಗೆ ಹೆಸರು ಬಂದದ್ದು ಅವರಿಂದಲೇ.

ಮರುತ್‌ನ ವೇಗದ ಬಗ್ಗೆ ದೂರುಗಳಿದ್ದವು. ಅಂದುಕೊಂಡ ಶಕ್ತಿಯ ಎಂಜಿನ್ ಅದಕ್ಕೆ ಸಿಗಲೇ ಇಲ್ಲ. ಆದರೆ ಅದಕ್ಕೆ ಎಂಜಿನ್ ಎರಡಿದ್ದವು. 1971ರ ಯುದ್ಧದಲ್ಲಿ ರಾಜಸ್ಥಾನ ವಲಯದಲ್ಲಿ ಹೋರಾಡಿದ ಮರುತ್‌ಗಳು ಕನಿಷ್ಠ ಮೂರು ಬಾರಿ, ನೆಲದ ಗುಂಡಿಗೆ ಒಂದು ಎಂಜಿನ್ ಕಳೆದುಕೊಂಡರೂ ಇನ್ನೊಂದರ ಬಲದಲ್ಲಿ ನೆಲೆಗೆ ಮರಳಿದವು. ನಿಯಂತ್ರಣದ ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟರೆ ತಾನಾಗಿಯೇ ಪೈಲಟ್‌ನ ಕೈಬಲದ ನಿಯಂತ್ರಣಕ್ಕೆ ಬದಲಾಗುವ ಏರ್ಪಾಡೂ ಅದರಲ್ಲಿತ್ತು. ಹಾಗೆ ಕೈಬಲದಲ್ಲೇ ವಿಮಾನ ತಂದು ಇಳಿಸಿದ ಪೈಲಟ್‌ಗಳೂ ಇದ್ದಾರೆ.

ಇಂದಿನ ತೇಜಸ್‌ನಲ್ಲಿ ಹಾರಾಟ ನಿಯಂತ್ರಿಸುವ ಗಣಕ ವ್ಯವಸ್ಥೆ ನಾಲ್ಕು ಪಟ್ಟು ಇದೆ. ಒಂದು ಕೈಕೊಟ್ಟರೆ ಉಳಿದವು ಕೆಲಸ ಮುಂದುವರಿಸುತ್ತವೆ. ನಾವು ಕುಳಿತು ಪ್ರಯಾಣಿಸುವ ವಿಮಾನಗಳಲ್ಲೂ ಇದೇ ತತ್ವ. ಒಂದು ಎಂಜಿನ್ ನಿಂತರೂ ಇಳಿಯಬಲ್ಲ, ಒಂದು ಹೈಡ್ರಾಲಿಕ್ ಕೊಳವೆ ಒಡೆದರೂ ತಿರುಗಬಲ್ಲ ವಿಮಾನಕ್ಕೆ ಮಾತ್ರ ಪ್ರಯಾಣಿಕರನ್ನು ಹೊರುವ ಅನುಮತಿ ಸಿಗುತ್ತದೆ. ಈ ಪ್ರತಿಯೊಂದು ನಿಯಮದ ಹಿಂದೆ ಬಾರದೇ ಹೋದ ಯಾವುದೋ ವಿಮಾನದ ಪಾಠವಿದೆ.

ಮಡಿಕೇರಿಯ ವೃತ್ತ

2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಸಿನಿಮಾ ಸ್ಕೈ ಫೋರ್ಸ್ ಸರ್ಗೋಧಾ ದಾಳಿ ಮತ್ತು ದೇವಯ್ಯ ಅವರ ಸಾಹಸದಿಂದ ಪ್ರೇರಣೆ ಪಡೆದದ್ದು. ಅಕ್ಷಯ್ ಕುಮಾರ್, ವೀರ್ ಪಹಾರಿಯಾ ನಟಿಸಿದ್ದ ಆ ಚಿತ್ರದಲ್ಲಿ ಪಾತ್ರಗಳ ಹೆಸರು ಬದಲಾಗಿತ್ತು. ದೇಶದ ಬಹಳಷ್ಟು ಜನ ದೇವಯ್ಯ ಯಾರೆಂದು ಹುಡುಕಿ ಓದಿದ್ದು ಆ ಚಿತ್ರದ ನಂತರವೇ.

ಮಡಿಕೇರಿಯ ಜನರಿಗೆ ಸಿನಿಮಾ ಬೇಕಿರಲಿಲ್ಲ. ಅಲ್ಲಿನ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಅವರದೇ ಹೆಸರಿದೆ, ಪ್ರತಿಮೆಯೂ ಇದೆ. ರಾಜಾಸೀಟಿಗೆ, ತಲಕಾವೇರಿಗೆ ಹೋಗುವ ಪ್ರವಾಸಿಗರು ಆ ಹಾದಿಯಲ್ಲೇ ಓಡಾಡುತ್ತಾರೆ.

ಅವರನ್ನು ಮಣ್ಣು ಮಾಡಿದ ಜಾಗ ಗಡಿಯಾಚೆ ಉಳಿದಿದೆ. ಅವರ ಮಿಸ್ಟೇರ್ ಕೂಡ ಅಲ್ಲೇ ಚೂರಾಯಿತು. ಆದರೆ ಬಾರದ ಆ ಒಂದು ವಿಮಾನವನ್ನು ಲೆಕ್ಕದಿಂದ ಬಿಡಬಾರದು ಎಂದು ಅದರ ಸ್ಕ್ವಾಡ್ರನ್‌ನ ನಾಯಕ ಹಟ ಹಿಡಿದದ್ದರಿಂದ, ನಾಪತ್ತೆ ಎಂದಿದ್ದ ಕಡೆ ಇಂದು ಮಹಾವೀರ ಚಕ್ರ ಎಂದು ಬರೆದಿದೆ.